ಹೊಟ್ಟೆಯೊಳಗಿನ ಹುದುಗು, ತಟ್ಟೆಯ ಮೇಲಿನ ಪಥ್ಯ

ಕೆನಡಾದ ಟೊರಾಂಟೊ ನಗರದ ಐವತ್ತು ವರ್ಷದ ಮಹಿಳೆಯೊಬ್ಬರಿಗೆ ವಿಚಿತ್ರವಾದ ತೊಂದರೆ ಶುರುವಾಯಿತು. ಹಗಲು ಹೊತ್ತಿನಲ್ಲೇ ವಿಪರೀತ ತೂಕಡಿಕೆ, ತೊದಲು ಮಾತು, ಉಸಿರಿನಲ್ಲಿ ಹೆಂಡದ ವಾಸನೆ. ಅಡುಗೆ ಮಾಡುತ್ತಿದ್ದಂತೆಯೇ ನಿದ್ದೆಗೆ ಜಾರುತ್ತಿದ್ದರು. ಕೆಲಸಕ್ಕೆ ವಾರಗಟ್ಟಲೆ ರಜೆ ಹಾಕಬೇಕಾಗುತ್ತಿತ್ತು. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿದಾಗ ಆಲ್ಕೋಹಾಲ್ ಇರುವುದು ಖಚಿತವಾಯಿತು. ಆದರೆ ಆಕೆ ಕುಡಿಯುವವರಲ್ಲ. ಹಿಂದೆ ಹಬ್ಬದ ದಿನ ಕುಡಿಯುತ್ತಿದ್ದ ಒಂದು ಲೋಟ ವೈನನ್ನೂ ಧರ್ಮಶ್ರದ್ಧೆಯ ಕಾರಣದಿಂದ ಬಿಟ್ಟಿದ್ದರು. ಗಂಡ ಅದಕ್ಕೆ ಸಾಕ್ಷಿ ಹೇಳಿದರೂ ನಂಬುವವರು ಯಾರು? ಎರಡು ವರ್ಷಗಳಲ್ಲಿ ಏಳು ಬಾರಿ ತುರ್ತು ಚಿಕಿತ್ಸಾ ವಿಭಾಗದ ಮೆಟ್ಟಿಲು ಹತ್ತಿದ ಮೇಲೆ, ಏಳನೆಯ ಸಲ ಒಬ್ಬ ವೈದ್ಯರಿಗೆ ಅನುಮಾನ ಬಂತು: ಹೆಂಡ ಹೊರಗಿನಿಂದ ಬರದೆ ಒಳಗೇ ತಯಾರಾಗುತ್ತಿದ್ದರೆ?

ಆದದ್ದೂ ಅದೇ. ಮೂತ್ರಕೋಶದ ಸೋಂಕು ಮರುಕಳಿಸುತ್ತಿದ್ದುದರಿಂದ ಆಕೆ ಮತ್ತೆ ಮತ್ತೆ ಆ್ಯಂಟಿಬಯೋಟಿಕ್ ಮಾತ್ರೆ ನುಂಗಿದ್ದರು. ಆ ಮಾತ್ರೆಗಳು ಸೋಂಕಿನ ಬ್ಯಾಕ್ಟೀರಿಯಾಗಳ ಜೊತೆಗೆ ಕರುಳಿನ ಸಾಧು ಬ್ಯಾಕ್ಟೀರಿಯಾಗಳನ್ನೂ ಗುಡಿಸಿ ಹಾಕಿದ್ದವು. ಖಾಲಿಯಾದ ಜಾಗದಲ್ಲಿ ಬೇರು ಬಿಟ್ಟದ್ದು ಯೀಸ್ಟ್ ಜಾತಿಯ ಸೂಕ್ಷ್ಮ ಶಿಲೀಂಧ್ರ. ಆಕೆ ತಿಂದ ಪಿಷ್ಟ, ಸಕ್ಕರೆಯೆಲ್ಲ ಅಲ್ಲಿ ಹುದುಗಿ ಆಲ್ಕೋಹಾಲ್ ಆಗುತ್ತಿತ್ತು. ಒಂದು ತಿಂಗಳು ಫ್ಲುಕೋನಜೋಲ್ ಎಂಬ ಶಿಲೀಂಧ್ರನಾಶಕ ಮಾತ್ರೆ, ಜೊತೆಗೆ ಪಿಷ್ಟ ಬಹಳ ಕಡಿಮೆ ಇರುವ ಊಟ. ಹೆಂಡವಿಲ್ಲದ ಅಮಲು ಇಳಿಯಿತು. ಮಾತ್ರೆ ಮುಗಿದ ಮೇಲೆ ಪಿಷ್ಟದ ಆಹಾರ ಹೆಚ್ಚಿದಾಗ ಅದು ಮತ್ತೆ ಕಾಣಿಸಿಕೊಂಡು, ಇನ್ನೊಂದು ಸುತ್ತು ಚಿಕಿತ್ಸೆ ಬೇಕಾಯಿತು. 2024ರ ಜೂನ್‌ನಲ್ಲಿ ಕೆನಡಾ ವೈದ್ಯಕೀಯ ಸಂಘದ ಪತ್ರಿಕೆ ಈ ಪ್ರಕರಣವನ್ನು ಪ್ರಕಟಿಸಿತು.

ಇಂಥ ಪ್ರಕರಣ ಇದೊಂದೇ ಅಲ್ಲ. ಜಪಾನಿನ ವೈದ್ಯರು ಇದನ್ನು ದಶಕಗಳ ಹಿಂದೆಯೇ ಗುರುತಿಸಿದ್ದರು. ಅಮೆರಿಕದ ಟೆಕ್ಸಾಸ್‌ನ 61 ವರ್ಷದ ವ್ಯಕ್ತಿಯೊಬ್ಬರ ಕಥೆ 2013ರಲ್ಲಿ ಬೆಳಕಿಗೆ ಬಂತು. ಅವರ ಚೀಲ ತಪಾಸಣೆ ಮಾಡಿ, ಒಂದು ದಿನ ಆಸ್ಪತ್ರೆಯ ಕೋಣೆಯಲ್ಲಿ ಕಾವಲಿನಲ್ಲಿಟ್ಟು, ಪಿಷ್ಟದ ತಿಂಡಿ ಕೊಟ್ಟು ರಕ್ತ ಪರೀಕ್ಷಿಸಿದರು. ಒಂದು ಹನಿ ಮದ್ಯವೂ ಒಳಹೋಗದೆ ರಕ್ತದ ಆಲ್ಕೋಹಾಲ್ ಮಟ್ಟ ಶೇ. 0.12ಕ್ಕೆ ಏರಿತು. ಕರುಳಲ್ಲಿ ಸಿಕ್ಕಿದ್ದು ಬ್ರೆಡ್ ಉಬ್ಬಿಸುವ, ಬಿಯರ್ ತಯಾರಿಸುವ ಅದೇ ಯೀಸ್ಟ್, ಸ್ಯಾಕರೊಮೈಸಿಸ್ ಸೆರೆವಿಸಿಯೆ. ಬೆಲ್ಜಿಯಂನ ಬ್ರೂಜ್ ನಗರದಲ್ಲಿ 2024ರಲ್ಲಿ ಕುಡಿದು ವಾಹನ ಓಡಿಸಿದ ಆರೋಪ ಹೊತ್ತ ಒಬ್ಬಾತ ಇದೇ ಕಾರಣದಿಂದ ಖುಲಾಸೆಯಾದ. ತಮಾಷೆಯೆಂದರೆ ಆತ ಕೆಲಸ ಮಾಡುತ್ತಿದ್ದುದು ಬಿಯರ್ ಕಾರ್ಖಾನೆಯಲ್ಲಿ!

ಯೀಸ್ಟ್ ಅತಿಯಾಗಿ ಬೆಳೆದರೆ ಪಥ್ಯದಿಂದ ಉಪಯೋಗವಿದೆ ಎಂಬುದಕ್ಕೆ ಇವು ಸ್ಪಷ್ಟ ಉದಾಹರಣೆಗಳು. ಆದರೆ ಇವು ಅಪರೂಪದಲ್ಲಿ ಅಪರೂಪ. ಜಗತ್ತಿನಲ್ಲಿ ಲಕ್ಷಗಟ್ಟಲೆ ಜನ ಮಾಡುತ್ತಿರುವ ‘ಯೀಸ್ಟ್ ಪಥ್ಯ’ದ ಕಥೆ ಬೇರೆಯೇ ಇದೆ.

ಬಿಳಿಯ ಅತಿಥಿ

ಆ ಪಥ್ಯದ ಗುರಿ ಕ್ಯಾಂಡಿಡಾ ಆಲ್ಬಿಕನ್ಸ್ ಎಂಬ ಯೀಸ್ಟ್. ಲ್ಯಾಟಿನ್ನಿನಲ್ಲಿ ಎರಡೂ ಪದಗಳು ಬಿಳುಪನ್ನೇ ಸೂಚಿಸುತ್ತವೆ. 1923ರಲ್ಲಿ ಕ್ರಿಸ್ಟೀನ್ ಬರ್ಕ್‌ಹೌಟ್ ಎಂಬ ಡಚ್ ಸಂಶೋಧಕಿ ಈ ಕುಲಕ್ಕೆ ಕ್ಯಾಂಡಿಡಾ ಎಂದು ಹೆಸರಿಟ್ಟರು. ಹೆಸರಿಗೆ ತಕ್ಕಂತೆ, ಎಳೆಗೂಸಿನ ನಾಲಿಗೆಯ ಮೇಲೆ ಒಡೆದ ಹಾಲಿನಂತೆ ಅಂಟಿಕೊಳ್ಳುವ ಬಿಳಿ ಪದರ ಇದರದೇ. ಆರೋಗ್ಯವಂತರ ಬಾಯಿ, ಕರುಳುಗಳಲ್ಲೂ ಇದು ಸದ್ದಿಲ್ಲದೆ ವಾಸಿಸುತ್ತದೆ. ನೆರೆಯ ಬ್ಯಾಕ್ಟೀರಿಯಾಗಳು ಮತ್ತು ದೇಹದ ರೋಗನಿರೋಧಕ ಶಕ್ತಿ ಅದನ್ನು ಹದ್ದುಬಸ್ತಿನಲ್ಲಿ ಇಡುತ್ತವೆ. ಮಲದಲ್ಲಿ ಕ್ಯಾಂಡಿಡಾ ಸಿಕ್ಕಿತೆಂದ ಮಾತ್ರಕ್ಕೆ ಅದು ರೋಗವಲ್ಲ. ಅಂಗಳದಲ್ಲಿ ಗರಿಕೆ ಇರುವಂತೆ ಅದೂ ಇರುತ್ತದೆ, ಅಷ್ಟೆ.

ಹಾಗೆಂದು ಅದನ್ನು ಬಡಪಾಯಿ ಎನ್ನುವಂತಿಲ್ಲ. ಏಡ್ಸ್ ರೋಗಿಗಳಲ್ಲಿ, ಕ್ಯಾನ್ಸರ್ ಚಿಕಿತ್ಸೆಯಿಂದ ಬಿಳಿರಕ್ತಕಣ ಕುಸಿದವರಲ್ಲಿ, ತೀವ್ರ ನಿಗಾ ಘಟಕದಲ್ಲಿ ಇರುವವರಲ್ಲಿ ಅದು ರಕ್ತಕ್ಕಿಳಿದು ಜೀವ ತೆಗೆಯಬಲ್ಲದು. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಮೊದಲ ಬಾರಿಗೆ ತಯಾರಿಸಿದ ಅಪಾಯಕಾರಿ ಶಿಲೀಂಧ್ರಗಳ ಪಟ್ಟಿಯಲ್ಲಿ ಇದನ್ನು ಅತಿ ಗಂಭೀರ ವರ್ಗದಲ್ಲೇ ಸೇರಿಸಿದೆ. ಅಂಥ ರೋಗಿಗೆ ಬೇಕಾದದ್ದು ರಕ್ತನಾಳದ ಮೂಲಕ ಹೋಗುವ ಔಷಧ. ಸಕ್ಕರೆ ಬಿಡುವುದರಿಂದ ಆಗುವುದೇನೂ ಇಲ್ಲ.

ಈ ಎರಡು ಸ್ಥಿತಿಗಳ ನಡುವೆ ಮೂರನೆಯದೊಂದನ್ನು ಹುಟ್ಟುಹಾಕಿದವರು ಅಮೆರಿಕದ ಇಬ್ಬರು ವೈದ್ಯರು. ಅಲಬಾಮಾ ರಾಜ್ಯದ ಒರಿಯನ್ ಟ್ರಸ್ 1970ರ ದಶಕದ ಕೊನೆಯಲ್ಲಿ ಇದನ್ನು ಪ್ರತಿಪಾದಿಸಿದರು. ಟೆನೆಸಿಯ ವಿಲಿಯಂ ಕ್ರೂಕ್ 1983ರಲ್ಲಿ ‘ದಿ ಯೀಸ್ಟ್ ಕನೆಕ್ಷನ್’ ಪುಸ್ತಕ ಬರೆದು ಮನೆಮನೆಗೆ ಮುಟ್ಟಿಸಿದರು. ಸುಸ್ತು, ತಲೆನೋವು, ಹೊಟ್ಟೆಯುಬ್ಬರ, ಸಿಡುಕು, ಮರೆವು, ಮುಟ್ಟಿನ ತೊಂದರೆ, ಎಲ್ಲದರ ಹಿಂದೆಯೂ ಕರುಳಿನ ಕ್ಯಾಂಡಿಡಾ ಇರಬಹುದು ಎಂಬುದು ಅವರ ವಾದ. ರೋಗ ಪತ್ತೆಗೆ ಪ್ರಯೋಗಾಲಯ ಬೇಡ. ಒಂದು ಪ್ರಶ್ನಾವಳಿ ಸಾಕು. ಸಿಹಿ ತಿನ್ನುವ ಆಸೆಯಾಗುತ್ತದೆಯೆ? ಸಿಗರೇಟಿನ ಹೊಗೆ ಹಿಂಸೆಯೆನಿಸುತ್ತದೆಯೆ? ಥಂಡಿ ಹವೆಯಲ್ಲಿ, ಬೂಷ್ಟು ಹಿಡಿದ ಜಾಗದಲ್ಲಿ ತೊಂದರೆ ಹೆಚ್ಚುತ್ತದೆಯೆ? ಹೌದು ಎಂದಷ್ಟೂ ಅಂಕ. ಆಷಾಢದ ಮಳೆಯಲ್ಲಿ ಮಲೆನಾಡಿನ ಯಾರ ಕೈಗೆ ಈ ಹಾಳೆ ಕೊಟ್ಟರೂ ಒಳ್ಳೆಯ ಅಂಕ ಬಂದೀತು!

ಚಿಕಿತ್ಸೆ ಎರಡು: ನಿಸ್ಟಾಟಿನ್ ಎಂಬ ಔಷಧ ಮತ್ತು ಪಥ್ಯ. ಸಕ್ಕರೆ, ಬೆಲ್ಲ, ಜೇನು, ಬ್ರೆಡ್, ಮದ್ಯ, ವಿನಿಗರ್, ಅಣಬೆ ಎಲ್ಲಕ್ಕೂ ನಿಷೇಧ. ಕೆಲವರಲ್ಲಿ ಹಣ್ಣು, ಹಾಲು, ಗೋಧಿ, ಅಕ್ಕಿಗೂ ಕತ್ತರಿ.

ನಿಸ್ಟಾಟಿನ್ ಬಗ್ಗೆ ಒಂದು ಮಾತು ಹೇಳಿಯೇ ಮುಂದೆ ಹೋಗಬೇಕು. ಅದನ್ನು ಕಂಡುಹಿಡಿದವರು ನ್ಯೂಯಾರ್ಕ್ ರಾಜ್ಯದ ಆರೋಗ್ಯ ಇಲಾಖೆಯ ಎಲಿಜಬೆತ್ ಹೇಜನ್ ಮತ್ತು ರೇಚಲ್ ಬ್ರೌನ್. ಒಬ್ಬರು ನ್ಯೂಯಾರ್ಕ್ ನಗರದಲ್ಲಿ, ಇನ್ನೊಬ್ಬರು ಆಲ್ಬನಿಯಲ್ಲಿ. ಗಾಜಿನ ಜಾಡಿಗಳಲ್ಲಿ ಮಾದರಿಗಳನ್ನು ಅಂಚೆಯಲ್ಲೇ ಕಳಿಸಿಕೊಳ್ಳುತ್ತ ಸಂಶೋಧನೆ ನಡೆಸಿದರು. ವರ್ಜೀನಿಯಾದ ಒಂದು ಹೊಲದ ಮಣ್ಣಿನ ಸೂಕ್ಷ್ಮಜೀವಿಯಿಂದ ಸಿಕ್ಕಿದ ಔಷಧವನ್ನು 1950ರಲ್ಲಿ ಲೋಕಕ್ಕೆ ತಿಳಿಸಿದರು. ನ್ಯೂಯಾರ್ಕ್ ಸ್ಟೇಟ್ ಎಂಬುದರಿಂದಲೇ ನಿಸ್ಟಾಟಿನ್ ಎಂಬ ಹೆಸರು. ಅದರಿಂದ ಬಂದ 1.3 ಕೋಟಿ ಡಾಲರಿಗೂ ಹೆಚ್ಚಿನ ಗೌರವಧನವನ್ನು ಇಬ್ಬರೂ ವಿಜ್ಞಾನ ಸಂಶೋಧನೆಗೇ ಬಿಟ್ಟುಕೊಟ್ಟರು. ಈ ಔಷಧ ಕರುಳಿನಿಂದ ರಕ್ತಕ್ಕೆ ಹೆಚ್ಚುಕಡಿಮೆ ಸೇರುವುದೇ ಇಲ್ಲ. ಹಾಗಾಗಿ ಕ್ರೂಕ್ ವಾದವನ್ನು ಪರೀಕ್ಷಿಸಲು ಅದು ಹೇಳಿ ಮಾಡಿಸಿದ ಅಸ್ತ್ರವಾಯಿತು.

ಆ ಪರೀಕ್ಷೆಯನ್ನು ಅಲಬಾಮಾ ವಿಶ್ವವಿದ್ಯಾಲಯದ ವೈದ್ಯರು ನಡೆಸಿ 1990ರಲ್ಲಿ ಫಲಿತಾಂಶ ಪ್ರಕಟಿಸಿದರು. ಲಕ್ಷಣಗಳಿದ್ದ 42 ಮಹಿಳೆಯರಿಗೆ ಸರದಿಯಂತೆ ನಿಸ್ಟಾಟಿನ್ ಮತ್ತು ಅದರಂತೆಯೇ ಕಾಣುವ ಹುಸಿ ಔಷಧ ಕೊಟ್ಟರು. ಯಾವಾಗ ಯಾವುದು ಎಂದು ಕೊಡುವವರಿಗೂ ಗೊತ್ತಿಲ್ಲ, ತೆಗೆದುಕೊಳ್ಳುವವರಿಗೂ ಗೊತ್ತಿಲ್ಲ. ಜನನಾಂಗದ ತುರಿಕೆ, ಉರಿಯಂಥ ನಿಜವಾದ ಯೀಸ್ಟ್ ಸೋಂಕಿಗೆ ನಿಸ್ಟಾಟಿನ್ ಚೆನ್ನಾಗಿಯೇ ಕೆಲಸ ಮಾಡಿತು. ಸುಸ್ತು, ಖಿನ್ನತೆ ಮೊದಲಾದವು ಎರಡರಿಂದಲೂ ಸುಮಾರಾಗಿ ಒಂದೇ ಪ್ರಮಾಣದಲ್ಲಿ ಕಡಿಮೆಯಾದವು. ಪಥ್ಯವನ್ನು ಸೇರಿಸಿಲ್ಲವಲ್ಲ ಎಂದು ಕ್ರೂಕ್ ಬೆಂಬಲಿಗರು ತಕರಾರು ತೆಗೆದರು. ಅದು ನ್ಯಾಯವಾದ ತಕರಾರೇ. 2001ರಲ್ಲಿ ನಾರ್ವೆಯಲ್ಲಿ 116 ಜನರ ಮೇಲೆ ನಡೆದ ನಾಲ್ಕು ವಾರಗಳ ಪ್ರಯೋಗದಲ್ಲಿ ನಿಸ್ಟಾಟಿನ್ ಪಡೆದವರಿಗೆ ಸ್ವಲ್ಪ ಹೆಚ್ಚು ಗುಣ ಕಂಡಿತು. ಪಥ್ಯವನ್ನೂ ಮಾಡಿದವರಿಗೆ ಇನ್ನಷ್ಟು. ಆದರೆ ಅಲ್ಲಿ ಪಥ್ಯ ಮಾಡುವುದು ಬಿಡುವುದು ರೋಗಿಯ ಇಷ್ಟಕ್ಕೆ ಬಿಟ್ಟದ್ದಾಗಿತ್ತು. ಪಥ್ಯದಲ್ಲಿ ನಂಬಿಕೆ ಇದ್ದವನೇ ಪಥ್ಯ ಮಾಡಿ, ಗುಣವಾಯಿತೇ ಎಂದು ತಾನೇ ಅಂಕ ಹಾಕಿಕೊಂಡರೆ ಅದರಿಂದ ಎಷ್ಟು ತಿಳಿಯಬಹುದು?

ಇಡ್ಲಿಯ ಮೇಲೆ ಅಪವಾದ

ಈಗ ಈ ಪಥ್ಯ ನಮ್ಮ ಊಟದ ಎಲೆಗೂ ಬಂದಿದೆ. ‘ಹುದುಗಿದ್ದು ಬೇಡ’ ಎಂಬ ನಿಯಮದಡಿ ಇಡ್ಲಿ, ದೋಸೆಗಳೂ ಆರೋಪಿ ಸ್ಥಾನದಲ್ಲಿ ನಿಂತಿವೆ. ಆದರೆ ಇಡ್ಲಿ ಹಿಟ್ಟನ್ನು ಉಬ್ಬಿಸುವ ಮುಖ್ಯ ಕೆಲಸಗಾರ ಯೀಸ್ಟ್ ಅಲ್ಲ. ಲ್ಯೂಕೊನೊಸ್ಟಾಕ್ ಮೆಸೆಂಟೆರಾಯ್ಡಿಸ್ ಎಂಬ ಬ್ಯಾಕ್ಟೀರಿಯಾ ಎಂದು 1965ರಲ್ಲೇ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ತಂಡ ತೋರಿಸಿದೆ. ಯೀಸ್ಟ್ ಇದ್ದರೂ ಹಬೆಯಲ್ಲಿ ಬೆಂದ ಮೇಲೆ ಅದು ಬದುಕಿರುವುದಿಲ್ಲ. ಬ್ರೆಡ್ಡಿನ ಯೀಸ್ಟೂ ಒಲೆಯಲ್ಲಿ ಸುಟ್ಟು ಸತ್ತಿರುತ್ತದೆ. ಅದಿರಲಿ, ಅದು ಕ್ಯಾಂಡಿಡಾದ ಜಾತಿಯೂ ಅಲ್ಲ. ಅಣಬೆ ತಿಂದರೆ ಕ್ಯಾಂಡಿಡಾ ಕೊಬ್ಬುತ್ತದೆ ಎನ್ನುವುದು, ಆನೆಗೆ ಬೆಲ್ಲ ತಿನ್ನಿಸಿದರೆ ಅಳಿಲು ದಪ್ಪವಾಗುತ್ತದೆ ಎಂದಂತೆ. ಎರಡೂ ಸಸ್ತನಿಗಳೇ ತಾನೆ!

ಸಕ್ಕರೆಯ ವಿಚಾರ ಇಷ್ಟು ಸುಲಭವಲ್ಲ. ಪ್ರಯೋಗಾಲಯದ ತಟ್ಟೆಯಲ್ಲಿ ಕ್ಯಾಂಡಿಡಾ ಗ್ಲೂಕೋಸ್ ಉಂಡು ಬೆಳೆಯುವುದು ನಿಜ. ಬಿಳಿರಕ್ತಕಣ ತಗ್ಗಿಸಿದ ಇಲಿಗಳಿಗೆ ಗ್ಲೂಕೋಸ್ ನೀರು ಕುಡಿಸಿದಾಗ ಅವುಗಳ ಕರುಳಲ್ಲಿ ಅದು ಹೆಚ್ಚಿದ್ದೂ ನಿಜ. ಆದರೆ ಆರೋಗ್ಯವಂತ ಮನುಷ್ಯ ತಿಂದ ಸಕ್ಕರೆಯ ಬಹುಪಾಲು ಸಣ್ಣ ಕರುಳಿನಲ್ಲೇ ಹೀರಿಹೋಗುತ್ತದೆ. ಜರ್ಮನಿಯ ಸಂಶೋಧಕರು 28 ಆರೋಗ್ಯವಂತರಿಗೆ ನಿತ್ಯದ ಊಟದ ಮೇಲೆ ಹೆಚ್ಚುವರಿ ಸಕ್ಕರೆ ತಿನ್ನಿಸಿ 1999ರಲ್ಲಿ ವರದಿ ಮಾಡಿದರು. ಹೆಚ್ಚಿನವರಲ್ಲಿ ಕ್ಯಾಂಡಿಡಾ ಹೇಳಿಕೊಳ್ಳುವಷ್ಟು ಏರಲಿಲ್ಲ. ರಕ್ತದ ಕಥೆಯೂ ಹಾಗೆಯೇ. ಐದು ಲೀಟರ್ ರಕ್ತದಲ್ಲಿ ಯಾವಾಗಲೂ ಸುಮಾರು ಒಂದು ಟೀ ಚಮಚದಷ್ಟು ಗ್ಲೂಕೋಸ್ ಇರುವಂತೆ ದೇಹ ನೋಡಿಕೊಳ್ಳುತ್ತದೆ. ಅನ್ನ, ಮುದ್ದೆ ಎರಡನ್ನೂ ಬಿಟ್ಟರೂ ಯಕೃತ್ತು ಪ್ರೋಟೀನಿನಿಂದಲಾದರೂ ಅದನ್ನು ತಯಾರಿಸಿಕೊಳ್ಳುತ್ತದೆ. ಯೀಸ್ಟನ್ನು ಉಪವಾಸ ಕೆಡವಲು ಹೊರಟವನು ಮೊದಲು ತಾನೇ ಬಡಕಲಾಗುತ್ತಾನೆ.

ಹಾಗಾದರೆ ಪಥ್ಯ ಮಾಡಿದವರಲ್ಲಿ ಅನೇಕರು ‘ಹಗುರಾಯಿತು’ ಎನ್ನುವುದು ಸುಳ್ಳೇ? ಅಲ್ಲ. ಬೇಕರಿ ತಿನಿಸು, ತಂಪು ಪಾನೀಯ, ಮದ್ಯ ಬಿಟ್ಟರೆ ಯಾರಿಗಾದರೂ ಹಗುರವೆನಿಸುತ್ತದೆ. ಗೋಧಿ, ಹಾಲು, ಈರುಳ್ಳಿ, ಕೆಲವು ಬೇಳೆಕಾಳುಗಳಲ್ಲಿನ ಸಕ್ಕರೆಗಳು ಕೆಲವರಲ್ಲಿ ಅರಗದೆ ದೊಡ್ಡ ಕರುಳಿಗೆ ಹೋಗಿ ಬ್ಯಾಕ್ಟೀರಿಯಾಗಳ ಪಾಲಾಗಿ ಗಾಳಿ ತುಂಬುತ್ತವೆ. ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದವರು ಇವನ್ನು ಗುರುತಿಸಿ ಬೇರೆಯದೇ ಪಥ್ಯ ರೂಪಿಸಿದ್ದಾರೆ. ಅದರಲ್ಲಿ ಅನ್ನಕ್ಕೆ ಧಾರಾಳವಾಗಿ ಅವಕಾಶವಿದೆ. ಯೀಸ್ಟ್ ಪಥ್ಯದವರು ಔಷಧವೆಂದು ಹೊಗಳುವ ಬೆಳ್ಳುಳ್ಳಿಗೆ ಇಲ್ಲ! ಇನ್ನು ಪಥ್ಯ ಶುರುಮಾಡಿದ ವಾರದಲ್ಲಿ ತಲೆನೋವು, ನಿತ್ರಾಣ ಹೆಚ್ಚಿದರೆ ಅದಕ್ಕೂ ವಿವರಣೆ ಸಿದ್ಧವಿದೆ: ‘ಸಾಯುತ್ತಿರುವ ಯೀಸ್ಟ್ ವಿಷ ಕಾರುತ್ತಿದೆ.’ ಕಡಿಮೆಯಾದರೂ ಸಾಕ್ಷಿ, ಹೆಚ್ಚಾದರೂ ಸಾಕ್ಷಿ. ಬೆಳಿಗ್ಗೆ ಎದ್ದು ಲೋಟದ ನೀರಿಗೆ ಉಗಿದು, ಎಂಜಲು ದಾರದಂತೆ ಇಳಿದರೆ ಕ್ಯಾಂಡಿಡಾ ಇದೆ ಎನ್ನುವ ಪರೀಕ್ಷೆಯಂತೂ ಶುದ್ಧ ಕಣಿ ಹೇಳುವುದೇ.

ಸಕ್ಕರೆ ನಿಜವಾಗಿ ಲೆಕ್ಕಕ್ಕೆ ಬರುವ ಕಡೆ

ಸಕ್ಕರೆಗೂ ಕ್ಯಾಂಡಿಡಾಗೂ ನಿಜವಾದ ನಂಟು ಇರುವುದು ಮಧುಮೇಹದಲ್ಲಿ. ಹತೋಟಿ ತಪ್ಪಿದ ಸಕ್ಕರೆ ಮೂತ್ರದಲ್ಲಿ ಹೊರಬರುತ್ತದೆ. ಆ ಜಾಗ ಯೀಸ್ಟಿಗೆ ಹಬ್ಬದೂಟ. ಮತ್ತೆ ಮತ್ತೆ ಬರುವ ತುರಿಕೆ, ಮೊಸರಿನಂಥ ಬಿಳಿ ಸ್ರಾವ, ಗಂಡಸರಲ್ಲಿ ಶಿಶ್ನದ ಮುಂದೊಗಲಿನ ಬಿರುಕು, ಇವು ಎಷ್ಟೋ ಬಾರಿ ಮಧುಮೇಹದ ಮೊದಲ ಸುಳಿವು. ಹೇಳಿಕೊಳ್ಳಲು ನಾಚಿ, ಅಂಗಡಿಯ ಮುಲಾಮು ಹಚ್ಚುತ್ತ, ಸಿಹಿ ಬಿಟ್ಟು ಕಾಲ ತಳ್ಳಿದರೆ ಒಳಗಿನ ರೋಗ ಬೆಳೆಯುತ್ತದೆ. ಇಂಥವರಿಗೆ ಬೇಕಾದದ್ದು ರಕ್ತದ ಸಕ್ಕರೆ ಪರೀಕ್ಷೆ.

ಇನ್ನೊಂದು ಎಚ್ಚರಿಕೆ ಇದಕ್ಕಿಂತ ಮುಖ್ಯ. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಮಧುಮೇಹದ ಮಾತ್ರೆಗಳನ್ನು ಈಗ ನಮ್ಮಲ್ಲಿಯೂ ಧಾರಾಳವಾಗಿ ಬರೆಯುತ್ತಾರೆ. ಹೃದಯಕ್ಕೂ ಮೂತ್ರಪಿಂಡಕ್ಕೂ ಒಳ್ಳೆಯ ಮಾತ್ರೆಗಳವು. ಅವು ಕೆಲಸ ಮಾಡುವುದೇ ಸಕ್ಕರೆಯನ್ನು ಮೂತ್ರಕ್ಕೆ ಸಾಗಿಸಿ. ಆದ್ದರಿಂದ ಜನನಾಂಗದ ಯೀಸ್ಟ್ ಸೋಂಕು ಅವುಗಳ ಗೊತ್ತಿರುವ ಅಡ್ಡಪರಿಣಾಮ. ತುರಿಕೆ ಶುರುವಾಯಿತೆಂದು ಆ ರೋಗಿ ಯಾರದೋ ಮಾತು ಕೇಳಿ ಅನ್ನ, ರೊಟ್ಟಿ, ಹಣ್ಣು ಎಲ್ಲ ಬಿಟ್ಟನೆಂದು ಇಟ್ಟುಕೊಳ್ಳಿ. ಈ ಮಾತ್ರೆ ನುಂಗುತ್ತ ಪಿಷ್ಟ ಪೂರ್ತಿ ಬಿಟ್ಟರೆ ದೇಹ ಕೊಬ್ಬನ್ನು ಕರಗಿಸಲು ಹೊರಟು, ರಕ್ತದಲ್ಲಿ ಕೀಟೋನ್ ಎಂಬ ಆಮ್ಲಗಳು ಅಪಾಯದ ಮಟ್ಟಕ್ಕೆ ಏರಬಹುದು. ಮೋಸವೆಂದರೆ ಮನೆಯ ಗ್ಲೂಕೋಮೀಟರ್ ಆಗಲೂ ಸಕ್ಕರೆ ಹೆಚ್ಚೇನಿಲ್ಲ ಎಂದೇ ತೋರಿಸಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2015ರಲ್ಲೇ ಈ ಬಗ್ಗೆ ಎಚ್ಚರಿಕೆ ನೀಡಿದೆ. ವಾಂತಿ, ಹೊಟ್ಟೆನೋವು, ಏದುಸಿರು, ವಿಪರೀತ ನಿತ್ರಾಣ ಕಂಡರೆ ‘ಯೀಸ್ಟ್ ಸಾಯುತ್ತಿದೆ’ ಎಂದು ಕೂರುವಂತಿಲ್ಲ, ನೇರ ಆಸ್ಪತ್ರೆಗೆ ಹೋಗಬೇಕು. ಈ ಮಾತ್ರೆಗಳ ಜೊತೆ ಬಂದ ತುರಿಕೆಗೆ ಸಾಮಾನ್ಯವಾಗಿ ಶಿಲೀಂಧ್ರನಾಶಕ ಮುಲಾಮು ಅಥವಾ ಮಾತ್ರೆಯೇ ಸಾಕಾಗುತ್ತದೆ. ಮೂತ್ರ ವಿಸರ್ಜನೆಯ ನಂತರ ನೀರಿನಿಂದ ತೊಳೆದು ಒಣಗಿಸಿಕೊಳ್ಳುವ ಅಭ್ಯಾಸದಿಂದಲೂ ಸಹಾಯವಾಗುತ್ತದೆ. ಮಾತ್ರೆ ಬದಲಿಸಬೇಕೇ ಎಂಬುದನ್ನು ಬರೆದುಕೊಟ್ಟ ವೈದ್ಯರೇ ನೋಡಿ ಹೇಳಬೇಕು.

ಬಾಯಿಯ ಬಿಳಿ ಪದರಕ್ಕೂ ಹೀಗೆಯೇ ಹತ್ತಿರದ ಕಾರಣಗಳಿರುತ್ತವೆ. ಉಬ್ಬಸಕ್ಕೆ ಸ್ಟೀರಾಯ್ಡ್ ಇನ್ಹೇಲರ್ ಎಳೆಯುವವರು ಪ್ರತಿ ಸಲವೂ ನೀರಿನಿಂದ ಬಾಯಿ ಮುಕ್ಕಳಿಸಿ ಉಗಿಯಬೇಕು. ಹಲ್ಲಿನ ಸೆಟ್ ಇರುವ ಹಿರಿಯರು ಅದನ್ನು ರಾತ್ರಿ ತೆಗೆದು, ತೊಳೆದು ಇಡಬೇಕು. ಈ ಎರಡನ್ನೂ ಮಾಡದೆ ಬೆಳಗಿನ ಕಾಫಿಗೆ ಸಕ್ಕರೆ ಬಿಟ್ಟ ಅಜ್ಜಂದಿರು ಊರೂರಲ್ಲೂ ಇದ್ದಾರೆ.