ಮೆಕ್ಕೆಜೋಳ ಒಣಗಿಸೋಕೆ ಡೀಸೆಲ್ ಎಷ್ಟು ಬೇಕು? ಮೊದಲೇ ಲೆಕ್ಕ ಹಾಕೋಣ

ದಾವಣಗೆರೆ, ಹಾವೇರಿ ಕಡೆ ಅಕ್ಟೋಬರ್, ನವೆಂಬರ್ ಅಂದ್ರೆ ಮೆಕ್ಕೆಜೋಳದ ಸುಗ್ಗಿ. ಹಿಂಗಾರು ಮಳೆ ಬರೋದೂ ಅದೇ ಹೊತ್ತಿಗೆ. ಕಣದಲ್ಲಿ, ರಸ್ತೆ ಬದಿಯಲ್ಲಿ ಹರವಿದ ಕಾಳು ನೆಂದರೆ ಬೂಸ್ಟು ಹಿಡಿಯುತ್ತೆ. ಹಸಿ ಮಾಲು ಅಂತ ವ್ಯಾಪಾರಿ ರೇಟು ಇಳಿಸ್ತಾನೆ. ಬೆಂಬಲ ಬೆಲೆಗೆ ಕೊಡೋಣ ಅಂದ್ರೆ ತೇವಾಂಶ ಶೇ 14 ದಾಟಬಾರದು. ಆಗ ನೆನಪಾಗೋದು ಡೀಸೆಲ್ ಡ್ರೈಯರ್. ಅದರ ಖರ್ಚು ತಡೆಯುತ್ತಾ? ನಾನು ಬಿ.ಕಾಂ ಓದಿದವನು, ಹಾಗಾಗಿ ಕಾಸ್ಟಿಂಗ್ ಕಣ್ಣಲ್ಲೇ ನೋಡೋಣ. ಫೋನಿನ ಕ್ಯಾಲ್ಕ್ಯುಲೇಟರ್ ತೆಗೀರಿ.

ಮೊದಲು ನೀರಿನ ಲೆಕ್ಕ

ಡ್ರೈಯರ್‌ನಲ್ಲಿ ನಾವು ದುಡ್ಡು ಕೊಡೋದು ನೀರು ಆವಿ ಮಾಡೋಕೆ. ಶೇ 20 ತೇವಾಂಶದ 100 ಕೆ.ಜಿ. ಕಾಳಲ್ಲಿ 20 ಕೆ.ಜಿ. ನೀರು, 80 ಕೆ.ಜಿ. ಒಣ ಪದಾರ್ಥ. ಶೇ 14ಕ್ಕೆ ಇಳಿಸಬೇಕು ಅಂದ್ರೆ 6 ಕೆ.ಜಿ. ತೆಗೆದರೆ ಸಾಕು ಅನ್ಸುತ್ತೆ ಅಲ್ವಾ? ಸಾಲದು. ಆ 80 ಕೆ.ಜಿ. ಈಗ ಒಟ್ಟು ತೂಕದ ಶೇ 86 ಆಗಬೇಕು. 80 ಅನ್ನು 0.86ರಿಂದ ಭಾಗಿಸಿ: 93. ಅಂದ್ರೆ ಹೋಗಬೇಕಾದ ನೀರು 7 ಕೆ.ಜಿ. ಅದೇ ಶೇ 25ರಲ್ಲಿ ಕೊಯ್ದು ತಂದ್ರೆ ಸುಮಾರು 13 ಕೆ.ಜಿ.

ಸಾಧಾರಣ ಡ್ರೈಯರ್‌ನಲ್ಲಿ 7 ಕೆ.ಜಿ. ನೀರಿಗೆ ಅಂದಾಜು 1 ಲೀಟರ್ ಡೀಸೆಲ್ ಇಟ್ಟುಕೊಳ್ಳಿ. ಮೋಡ ಮುಚ್ಚಿದ ತಂಡಿ ದಿನ ಇನ್ನೂ ಜಾಸ್ತಿ ಕುಡಿಯುತ್ತೆ, ಅದಕ್ಕೆ ಬಜೆಟ್ ಮೇಲೆ ಐದನೇ ಒಂದು ಭಾಗ ಕೈಯಲ್ಲಿರಲಿ.

100 ಕ್ವಿಂಟಾಲ್ ಕಥೆ

ಡೀಸೆಲ್ ಲೀಟರ್‌ಗೆ 90 ರೂ., ಒಣ ಮಾಲು ಕ್ವಿಂಟಾಲ್‌ಗೆ 2,000 ರೂ. ಅಂದುಕೊಳ್ಳಿ. ಶೇ 20ರ 100 ಕ್ವಿಂಟಾಲ್‌ಗೆ 100 ಲೀಟರ್, 9,000 ರೂ. ಕೈಗೆ ಉಳಿಯೋದು 93 ಕ್ವಿಂಟಾಲ್, ಬೆಲೆ 1,86,000 ರೂ. ಡೀಸೆಲ್ ಕಳೆದರೆ 1,77,000. ಅಂದ್ರೆ ವ್ಯಾಪಾರಿ ಹಸಿ ಮಾಲಿಗೇ 1,770 ರೂ. ಕೊಟ್ಟರೆ ಎರಡೂ ಸಮ. ಅದಕ್ಕಿಂತ ಹೆಚ್ಚು ಕೊಟ್ಟರೆ ಅಲ್ಲೇ ತೂಗಿಸಿಬಿಡಿ. ಕಡಿಮೆ ಆದ್ರೆ ಒಣಗಿಸಿ, ಆದರೆ ಡ್ರೈಯರ್ ಬಾಡಿಗೆ, ಹಮಾಲಿ, ಕರೆಂಟು ಸೇರಿಸಿ ಇನ್ನೊಮ್ಮೆ ನೋಡಿ. ಗಮನಿಸಿ, ಇಲ್ಲಿ ದೊಡ್ಡ ಹೊಡೆತ ಡೀಸೆಲ್‌ದಲ್ಲ. ತೂಕ ಇಳಿದಿದ್ದಕ್ಕೇ 14,000 ರೂ. ಹೋಯ್ತು.

ಉಳಿಸೋದು ಎಲ್ಲಿ?

ಒಂದು, ಬಿಸಿಲು. ತೆನೆ ಗಿಡದಲ್ಲೇ ಒಣಗಲಿ, ಇಲ್ಲವೇ ತಾಡಪಾಲಿನ ಮೇಲೆ ಶೇ 17ಕ್ಕೆ ತನ್ನಿ. ಆಗ ಡ್ರೈಯರ್‌ಗೆ 48 ಲೀಟರ್ ಸಾಕು, ಅರ್ಧಕ್ಕರ್ಧ ಉಳಿತಾಯ. ಮಳೆ ಮುನ್ಸೂಚನೆ ಇದ್ರೆ ಮಾತ್ರ ಕಾಯಬೇಡಿ.

ಎರಡು, ಸರಿಯಾದ ಹೊತ್ತಿಗೆ ನಿಲ್ಲಿಸಿ. ಇರಲಿ ಅಂತ ಶೇ 12ಕ್ಕೆ ಇಳಿಸಿದ್ರೆ ಇನ್ನೂ 2.1 ಕ್ವಿಂಟಾಲ್ ತೂಕ, 30 ಲೀಟರ್ ಡೀಸೆಲ್ ಹೋಗುತ್ತೆ. ಒಟ್ಟು 6,900 ರೂ. ತಿಂಗಳುಗಟ್ಟಲೆ ಕೂಡಿಡೋರಿಗೆ ಆ ಖರ್ಚಿಗೆ ಅರ್ಥ ಇದೆ, ನಾಳೆನೇ ಮಾರೋರಿಗೆ ಇಲ್ಲ. ಹಲ್ಲಲ್ಲಿ ಕಚ್ಚಿ ನೋಡಿದರೆ 12, 14ರ ವ್ಯತ್ಯಾಸ ಗೊತ್ತಾಗಲ್ಲ, ಮಾಯಿಶ್ಚರ್ ಮೀಟರ್ ಬೇಕೇ ಬೇಕು. ನಾಲ್ಕೈದು ಜನ ಸೇರಿ ಒಂದು ತಗೊಳ್ಳಿ.

ಮೂರು, ಕಾಳು ಬಿಡಿಸಿದ ಮೇಲೆ ಉಳಿಯೋ ಬೆಂಡು. ಸೌದೆ ಒಲೆ ಇರೋ ಡ್ರೈಯರ್ ಸಿಕ್ಕಿದ್ರೆ ಅದೇ ಉರುವಲು. ಹೊಗೆ ನೇರ ಕಾಳಿಗೆ ತಾಗದ ಹಾಗೆ ನೋಡ್ಕೊಳ್ಳಿ. ಅಡುಗೆಮನೆಯ ಗ್ಯಾಸ್ ಸಿಲಿಂಡರ್ ಮಾತ್ರ ಮುಟ್ಟಬೇಡಿ, ಅದನ್ನ ಇದಕ್ಕೆ ಬಳಸೋ ಹಾಗಿಲ್ಲ.

ಬಾಡಿಗೆಗೆ ತರೋರು ಮೊದಲೇ ಕೇಳಿ: ಡೀಸೆಲ್ ಯಾರದ್ದು? ರೇಟು ಹಸಿ ತೂಕಕ್ಕಾ, ಒಣ ತೂಕಕ್ಕಾ? ಮೊದಲ ಲೋಡಿನಲ್ಲಿ ಕಾಳಿನ ತೂಕ, ಟ್ಯಾಂಕಿನ ಡೀಸೆಲ್ ಎರಡನ್ನೂ ಮುಂಚೆ, ಆಮೇಲೆ ಅಳೆದು ಬರ್ಕೊಳ್ಳಿ. ನಾನು ಹೇಳಿದ 7 ಕೆ.ಜಿ. ಬದಲು ನಿಮ್ಮ ಡ್ರೈಯರ್‌ನ ಅಸಲಿ ಲೆಕ್ಕ ಸಿಗುತ್ತೆ. ಎರಡನೇ ಲೋಡಿನಿಂದ ಅದನ್ನೇ ಹಾಕಿ.

ಸುಗ್ಗಿಗೆ ಮುಂಚೆ ಈ ಸಂಚಿಕೆನ ಮನೇಲಿ ಎಲ್ಲರಿಗೂ ಕೇಳಿಸಿ. ಮತ್ತೆ ಸಿಗೋಣ.