ಹೆದೆಯ ಹಿಡಿತ: ದೇವಗಿರಿಯ ಸಂದರ್ಭದಲ್ಲಿ ಬಿಲ್ವಿದ್ಯೆಯ ಒಂದು ವಿಚಾರ

ಬಿಲ್ವಿದ್ಯೆಯನ್ನು ಕುರಿತು ಬರೆಯುವವರು ಬಿಲ್ಲಿನ ಬಲವನ್ನೂ ಬಾಣದ ಮೊನೆಯನ್ನೂ ಬಿಲ್ಲಾಳಿನ ಗುರಿಯನ್ನೂ ಬಣ್ಣಿಸುವುದು ವಾಡಿಕೆ. ಆದರೆ ಬಿಲ್ಲಿನ ಬಲವೆಲ್ಲವೂ ಬಾಣಕ್ಕೆ ಸಂಕ್ರಮಿಸುವುದು ಹೆದೆಯ ಮೂಲಕ. ಆ ಹೆದೆಯನ್ನು ಸೆಳೆದು, ತಡೆದು, ತಕ್ಕ ಗಳಿಗೆಯಲ್ಲಿ ಬಿಟ್ಟುಕೊಡುವುದು ಬಲಗೈಯ ಎರಡು ಮೂರು ಬೆರಳುಗಳು. ಬೆರಳುಗಳು ಹೆದೆಯನ್ನು ಹಿಡಿಯುವ ಬಗೆ ಎಲ್ಲ ಜನಾಂಗಗಳಲ್ಲಿಯೂ ಒಂದೇ ಆಗಿರಲಿಲ್ಲವೆಂಬುದೂ, ಆ ಭೇದಕ್ಕೆ ಬಿಲ್ಲಿನ ಉದ್ದ, ಹವೆ, ಕುದುರೆ ಮೊದಲಾದ ಕಾರಣಗಳುಂಟೆಂಬುದೂ ಅಷ್ಟಾಗಿ ಲಕ್ಷ್ಯಕ್ಕೆ ಬಂದಿಲ್ಲ. ದಖ್ಖಣದ ಇತಿಹಾಸದಲ್ಲಿ ಈ ಭೇದವನ್ನು ವಿಚಾರಿಸುವುದಕ್ಕೆ ದೇವಗಿರಿಗಿಂತ ಯೋಗ್ಯವಾದ ಸ್ಥಳ ವಿರಳ.

ಛತ್ರಪತಿ ಸಂಭಾಜಿನಗರದಿಂದ, ಎಂದರೆ ಹಿಂದಿನ ಔರಂಗಾಬಾದಿನಿಂದ, ಎಲ್ಲೋರಕ್ಕೆ ಹೋಗುವ ದಾರಿಯಲ್ಲಿ ಸುಮಾರು 15 ಕಿಲೋಮೀಟರು ದೂರದಲ್ಲಿ ಸಿಗುವ ದೌಲತಾಬಾದೇ ಸೇವುಣರ ದೇವಗಿರಿ. ಕಲ್ಯಾಣದ ಚಾಲುಕ್ಯರ ಸಾಮಂತರಾಗಿದ್ದ ಈ ಸೇವುಣರು ಐದನೆಯ ಭಿಲ್ಲಮನ ಕಾಲದಲ್ಲಿ, ಹನ್ನೆರಡನೆಯ ಶತಮಾನದ ಕೊನೆಯ ಭಾಗದಲ್ಲಿ, ಸ್ವತಂತ್ರರಾದರು. 1191ರ ಗದಗಿನ ಶಾಸನ ಈ ಭಿಲ್ಲಮನದೇ. ಸೇವುಣರ ಶಾಸನಗಳಲ್ಲಿ ಕನ್ನಡದ ಪಾಲು ಎಷ್ಟು ದೊಡ್ಡದೆಂಬುದನ್ನು ಬಲ್ಲವರಿಗೆ ಈ ಗಿರಿದುರ್ಗ ಪರಸ್ಥಳವೆನಿಸದು. 1296ರಲ್ಲಿ ಅಲಾವುದ್ದೀನ್ ಖಿಲ್ಜಿಯ ಸವಾರರು ರಾಮಚಂದ್ರನ ರಾಜಧಾನಿಯ ಮೇಲೆ ಬಿದ್ದರು. 1318ರಲ್ಲಿ ವಂಶ ಕೊನೆಗಂಡಿತು. 1327ರ ಸುಮಾರಿಗೆ ಮುಹಮ್ಮದ್ ತುಘಲಕನು ದೆಹಲಿಯ ರಾಜಧಾನಿಯನ್ನೇ ಇಲ್ಲಿಗೆ ತಂದು ದೌಲತಾಬಾದ್ ಎಂದು ಹೆಸರಿಟ್ಟನು. ಮಧ್ಯ ಏಷ್ಯದ ಕುದುರೆಯ ಬಿಲ್ಲಾಳುಗಳ ಪದ್ಧತಿಯೂ ದಖ್ಖಣದ ಬಿದಿರ ಬಿಲ್ಲಿನ ಪದ್ಧತಿಯೂ ಮುಖಾಮುಖಿಯಾದದ್ದು ಇಂಥ ನೆಲದಲ್ಲಿ.

ಹೆದೆಯನ್ನು ಹಿಡಿಯುವ ಬಗೆಗಳನ್ನು ಶಾಸ್ತ್ರೀಯವಾಗಿ ವಿಂಗಡಿಸಿದವನು ಅಮೆರಿಕದ ಎಡ್ವರ್ಡ್ ಮೋರ್ಸ್. ಈತ ವೃತ್ತಿಯಿಂದ ಪ್ರಾಣಿಶಾಸ್ತ್ರಜ್ಞ, ಜಪಾನಿನಲ್ಲಿ ಅಧ್ಯಾಪಕನಾಗಿದ್ದವನು. ಅಲ್ಲಿಯವರು ಬಾಣ ಬಿಡುವ ಕ್ರಮ ತನ್ನ ನಾಡಿನ ಕ್ರಮದಂತಿಲ್ಲದ್ದನ್ನು ಗಮನಿಸಿ, ಪ್ರಾಣಿಗಳ ಜಾತಿಗಳನ್ನು ವಿಂಗಡಿಸುವ ಕಣ್ಣಿನಿಂದಲೇ ಬೆರಳುಗಳ ಹಿಡಿತವನ್ನೂ ವಿಂಗಡಿಸಿ 1885ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದನು. ಅವನು ಹೇಳಿದ ಐದು ಬಗೆಗಳಲ್ಲಿ ಮೊದಲ ಮೂರು ಒಂದೇ ಕುಟುಂಬಕ್ಕೆ ಸೇರಿದುವು: ಬಾಣದ ಹಿಂಬದಿಯನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಚಿವುಟಿ ಹಿಡಿಯುವುದು, ಹಾಗೆ ಚಿವುಟಿದ್ದಕ್ಕೆ ಉಳಿದ ಬೆರಳುಗಳ ನೆರವನ್ನು ಹೆದೆಯ ಮೇಲೆ ಕೊಡುವುದು. ಮಕ್ಕಳ ಕೈಗೆ ಬಿಲ್ಲು ಕೊಟ್ಟರೆ ಅವರು ಯಾರೂ ಹೇಳಿಕೊಡದೆ ಮಾಡುವುದು ಇದನ್ನೇ. ನಾಲ್ಕನೆಯದು ಮೆಡಿಟರೇನಿಯನ್ ಹಿಡಿತ. ಬಾಣದ ಮೇಲೆ ತೋರುಬೆರಳು, ಕೆಳಗೆ ನಡುಬೆರಳು ಉಂಗುರಬೆರಳು, ಹೆಬ್ಬೆರಳಿಗೆ ಕೆಲಸವೇ ಇಲ್ಲ. ಐದನೆಯದು ಮಂಗೋಲ ಹಿಡಿತ: ಹೆಬ್ಬೆರಳನ್ನು ಕೊಕ್ಕೆಯಂತೆ ಬಾಗಿಸಿ ಹೆದೆಗೆ ಹಾಕಿ, ಅದರ ತುದಿಯನ್ನು ತೋರುಬೆರಳಿನಿಂದ ಅದುಮಿ ಬೀಗ ಹಾಕಿದಂತೆ ಮಾಡುವುದು.

ಇವುಗಳಲ್ಲಿ ಯಾವುದು ಮೇಲು ಎಂದು ಕೇಳುವುದಕ್ಕಿಂತ ಯಾವ ಬಿಲ್ಲಿಗೆ ಯಾವುದು ಒಗ್ಗುತ್ತದೆಂದು ಕೇಳುವುದು ಸರಿಯಾದ ಕ್ರಮ. ಚಿವುಟುವ ಹಿಡಿತದಲ್ಲಿ ಬೆರಳುಗಳ ತಿಕ್ಕಾಟವೊಂದೇ ಆಧಾರ. ಬಿಲ್ಲು ಬಿರುಸಾದರೆ ಹೆದೆ ಜಾರಿಹೋಗುತ್ತದೆ. ಮೂರು ಬೆರಳಿನ ಹಿಡಿತದಲ್ಲಿ ಭಾರ ಮೂರು ಕಡೆ ಹಂಚಿಹೋಗುವುದರಿಂದ ಬಲವಾದ ಬಿಲ್ಲನ್ನೂ ಎಳೆಯಬಹುದು. ಆದರೆ ಬಿಲ್ಲು ಗಿಡ್ಡವಾಗಿದ್ದು ಪೂರ್ಣವಾಗಿ ಸೆಳೆದಾಗ ಹೆದೆ ಇಕ್ಕಟ್ಟಾದ ಕೋನದಲ್ಲಿ ಮಡಿದು ಮೂರು ಬೆರಳುಗಳನ್ನೂ ಒಂದರಮೇಲೊಂದು ಒತ್ತರಿಸಿ, ಬಾಣದ ಹಿಂಬದಿಯನ್ನು ಹಿಸುಕುತ್ತದೆ. ಹೆಬ್ಬೆರಳಿನ ಹಿಡಿತಕ್ಕೆ ಈ ಬಾಧೆಯಿಲ್ಲ, ಏಕೆಂದರೆ ಅಲ್ಲಿ ಹೆದೆಗೆ ತಗಲುವುದು ಒಂದೇ ಬೆರಳು. ಕೋನ ಎಷ್ಟು ಇಕ್ಕಟ್ಟಾದರೂ ಚಿಂತೆಯಿಲ್ಲ. ಕುದುರೆಯ ಮೇಲೆ ಕುಳಿತವನಿಗೆ ಉದ್ದನೆಯ ಬಿಲ್ಲು ಉಪದ್ರವ. ಗಿಡ್ಡ ಬಿಲ್ಲು ಬೇಕು. ಗಿಡ್ಡ ಬಿಲ್ಲಿಗೆ ಹೆಬ್ಬೆರಳು ಬೇಕು. ಹುಲ್ಲುಗಾವಲಿನ ಸವಾರರು ಈ ಹಿಡಿತವನ್ನು ಆರಿಸಿಕೊಂಡದ್ದಕ್ಕೆ ಇದಕ್ಕಿಂತ ದೊಡ್ಡ ರಹಸ್ಯವನ್ನು ಹುಡುಕಬೇಕಾಗಿಲ್ಲ.

ಇಲ್ಲಿ ಬಾಣ ನಿಲ್ಲುವ ಪಕ್ಕವನ್ನೂ ನೆನೆಯಬೇಕು. ಬಲಗೈಯಿಂದ ಹೆದೆ ಸೆಳೆಯುವವನು ಮೂರು ಬೆರಳಿನಿಂದ ಎಳೆದರೆ ಬಾಣ ಬಿಲ್ಲಿನ ಎಡಮಗ್ಗುಲಲ್ಲಿ ನಿಲ್ಲುತ್ತದೆ. ಹೆಬ್ಬೆರಳಿನಿಂದ ಎಳೆದರೆ ಬಲಮಗ್ಗುಲಲ್ಲಿ. ಹೆಬ್ಬೆರಳು ಹೆದೆಯನ್ನು ಸ್ವಲ್ಪ ತಿರುಚುವುದರಿಂದಲೂ, ತೋರುಬೆರಳಿನ ಬುಡ ಬಾಣವನ್ನು ಪಕ್ಕದಿಂದ ಒತ್ತುವುದರಿಂದಲೂ, ಬಾಣ ಬಿಲ್ಲಿಗೆ ಅಂಟಿಕೊಂಡಂತೆ ನಿಲ್ಲುತ್ತದೆ. ಕುದುರೆ ಓಡುತ್ತಿರುವಾಗಲೂ ಅದು ಜಾರಿ ಬೀಳದು. ಹಿಡಿತವನ್ನು ಬದಲಿಸಿ ಬಾಣದ ಪಕ್ಕವನ್ನು ಬದಲಿಸದವನ ಬಾಣ ಬಿಲ್ಲಿನಿಂದ ದೂರ ಸರಿದು ಕೆಳಗೆ ಬೀಳುತ್ತದೆ. ಹೊಸದಾಗಿ ಹೆಬ್ಬೆರಳಿನ ಅಭ್ಯಾಸಕ್ಕೆ ತೊಡಗಿದವರು ಮೊದಲು ಎಡವುವುದು ಇಲ್ಲಿಯೇ.

ಹೆಬ್ಬೆರಳಿನ ಹಿಡಿತ ಭರತಖಂಡಕ್ಕೆ ತುರುಕರೊಡನೆ ಬಂದಿತೆಂಬ ಮಾತು ಆಗಾಗ ಕೇಳಿಬರುತ್ತದೆ. ಇದಕ್ಕೆ ಪ್ರತಿಯಾಗಿ ಕೆಲವರು ಏಕಲವ್ಯನ ಕಥೆಯನ್ನು ಮುಂದಿಡುತ್ತಾರೆ. ವ್ಯಾಸಭಾರತದ ಆದಿಪರ್ವದಲ್ಲಿ ದ್ರೋಣನಿಗೆ ಬಲಗೈಯ ಹೆಬ್ಬೆರಳನ್ನು ಕಡಿದುಕೊಟ್ಟ ತರುವಾಯ ಏಕಲವ್ಯನು ಉಳಿದ ಬೆರಳುಗಳಿಂದಲೇ ಬಿಲ್ಲನ್ನೆಳೆದನೆಂದೂ ಆದರೆ ಮೊದಲಿನ ಶೀಘ್ರತೆ ಉಳಿಯಲಿಲ್ಲವೆಂದೂ ಹೇಳಿದೆ. ಕಥೆಯ ಕ್ರೌರ್ಯಕ್ಕೆ ಮನಸೋತು ಈ ಸಣ್ಣ ವಿವರವನ್ನು ಓದುಗರು ದಾಟಿಹೋಗುವುದು ಸಹಜ. ಆದರೆ ಪ್ರಕೃತ ವಿಚಾರಕ್ಕೆ ಬೇಕಾದದ್ದು ಅದೇ. ಮೂರು ಬೆರಳಿನ ಹಿಡಿತವೇ ರೂಢಿಯಾಗಿದ್ದ ಪಕ್ಷದಲ್ಲಿ ಹೆಬ್ಬೆರಳನ್ನು ಕೇಳಿ ಪಡೆಯುವುದರಿಂದ ದ್ರೋಣನಿಗೆ ಪ್ರಯೋಜನವಿಲ್ಲ. ಆದುದರಿಂದ ಕಥೆಯನ್ನು ಹೇಳಿದವನ ಮನಸ್ಸಿನಲ್ಲಿ ಹೆಬ್ಬೆರಳಿಗೆ ಮುಖ್ಯ ಸ್ಥಾನವಿತ್ತು. ಆದರೆ ಚಿವುಟುವ ಹಿಡಿತಕ್ಕೂ ಹೆಬ್ಬೆರಳು ಬೇಕೇಬೇಕು. ಕಥೆ ಹೆಬ್ಬೆರಳಿನ ಮಹತ್ತ್ವವನ್ನು ಸಾಧಿಸುತ್ತದೆಯೇ ಹೊರತು ಮಂಗೋಲ ಬೀಗವನ್ನು ಸಾಧಿಸುವುದಿಲ್ಲ. ಅದೇ ಮಹಾಭಾರತದಲ್ಲಿ ಉಡದ ಚರ್ಮದ ಬೆರಳ್ಗಾಪನ್ನು, ಎಂದರೆ ಗೋಧಾಂಗುಲಿತ್ರವನ್ನು, ಕಟ್ಟಿಕೊಂಡ ವೀರರ ವರ್ಣನೆಯೂ ಬರುತ್ತದೆಂಬುದನ್ನು ಮರೆಯಲಾಗದು.

ಇದಕ್ಕಿಂತ ಸ್ಪಷ್ಟವಾದ ಸಾಮಗ್ರಿ ಧನುರ್ವೇದದ ಗ್ರಂಥಗಳಲ್ಲಿದೆ. ವಸಿಷ್ಠನ ಹೆಸರಿನಲ್ಲಿರುವ ಧನುರ್ವೇದವು ಹೆದೆಯ ಹಿಡಿತಕ್ಕೆ ಮುಷ್ಟಿಯೆಂದು ಹೆಸರಿಟ್ಟು ಐದು ಮುಷ್ಟಿಗಳನ್ನು ಹೇಳುತ್ತದೆ. ತೋರುಬೆರಳನ್ನು ನೀಡಿ ಹೆಬ್ಬೆರಳಿನ ಬುಡಕ್ಕೆ ಆನಿಸಿದರೆ ಪತಾಕ. ಇದು ದೂರಕ್ಕೆ ಎಸೆಯುವ ಬಾಣಗಳಿಗೆ. ತೋರುಬೆರಳು ನಡುಬೆರಳುಗಳ ನಡುವೆ ಹೆಬ್ಬೆರಳನ್ನು ತೂರಿಸಿದರೆ ವಜ್ರಮುಷ್ಟಿ. ಇದು ತೂಕದ ನಾರಾಚಗಳಿಗೆ. ತೋರುಬೆರಳಿನ ತುದಿ ಹೆಬ್ಬೆರಳಿನ ನಡುವೆ ಕುಳಿತರೆ ಸಿಂಹಕರ್ಣ, ಉಗುರಿನ ಬುಡದಲ್ಲಿ ಕುಳಿತರೆ ಮತ್ಸರೀ, ಹೆಬ್ಬೆರಳಿನ ತುದಿಯಲ್ಲಿಯೇ ಕುಳಿತರೆ ಕಾಕತುಂಡೀ. ಸಿಂಹಕರ್ಣ ಗಟ್ಟಿಯಾದ ಲಕ್ಷ್ಯವನ್ನು ಭೇದಿಸುವುದಕ್ಕೆ, ಮತ್ಸರೀ ಚಿತ್ರಲಕ್ಷ್ಯಕ್ಕೆ, ಕಾಕತುಂಡೀ ಸೂಕ್ಷ್ಮಲಕ್ಷ್ಯಕ್ಕೆ.

ವಜ್ರಮುಷ್ಟಿಯನ್ನು ಪಕ್ಕಕ್ಕಿಟ್ಟು ಉಳಿದ ನಾಲ್ಕನ್ನು ಸಾಲಾಗಿ ನೋಡಿದರೆ ಒಂದು ಕ್ರಮ ತಾನಾಗಿ ತೋರುತ್ತದೆ. ತೋರುಬೆರಳು ಹೆಬ್ಬೆರಳಿನ ಬುಡದಿಂದ ನಡುವಿಗೆ, ನಡುವಿನಿಂದ ಉಗುರಿಗೆ, ಉಗುರಿನಿಂದ ತುದಿಗೆ ಸರಿಯುತ್ತದೆ. ಹಾಗೆ ಸರಿದಂತೆಲ್ಲ ಬೀಗ ಸಡಿಲವಾಗುತ್ತದೆ, ಲಕ್ಷ್ಯ ಸೂಕ್ಷ್ಮವಾಗುತ್ತದೆ. ಬಿರುಸಾದ ಬಿಲ್ಲನ್ನು ತಡೆಯುವುದಕ್ಕೆ ಆಳವಾದ ಬೀಗ ಬೇಕು. ಆದರೆ ಆಳವಾದ ಬೀಗ ಬಿಚ್ಚುವಾಗ ಹೆದೆಯನ್ನು ತುಸು ಅಲುಗಿಸುತ್ತದೆ. ಹಗುರಾದ ಬಿಲ್ಲಿಗೆ ತುದಿಬೆರಳಿನ ಹಿಡಿತ ಸಾಕು, ಅದು ಅಲುಗದೆ ಬಿಚ್ಚಿಕೊಳ್ಳುತ್ತದೆ. ಬಲಕ್ಕೂ ನಯಕ್ಕೂ ಇರುವ ಈ ಎಳೆದಾಟವನ್ನು ಗ್ರಂಥಕಾರನು ಕೈಯಿಂದ ಬಲ್ಲವನೇ ಹೊರತು ಕೇವಲ ಹೆಸರುಗಳನ್ನು ಪೋಣಿಸಿದವನಲ್ಲ.

ಇದೇ ಬಗೆಯ ಧನುರ್ವೇದ ಸಾಮಗ್ರಿ 1363ರ ಶಾರ್ಙ್ಗಧರಪದ್ಧತಿಯಲ್ಲಿಯೂ ಸೇರಿದೆ. ಈ ಕಾಲ ದೇವಗಿರಿಯ ಪತನಕ್ಕೆ ಈಚಿನದೆಂಬ ಆಕ್ಷೇಪ ನ್ಯಾಯವಾದದ್ದೇ. ಆದರೂ ಐದು ಮುಷ್ಟಿಗಳ ಹೆಸರುಗಳಲ್ಲಿ ಪಾರಸಿಯ ಸೋಂಕಿಲ್ಲ. ಹೆಬ್ಬೆರಳಿನ ಬಳೆಯಾದರೋ ತುರುಕರಿಗಿಂತ ಬಹಳ ಹಿಂದಿನದು, ಚೀನದಲ್ಲಿ ಕ್ರಿ.ಪೂ. 1200ರ ಸುಮಾರಿನ ಫು ಹಾವ್ ರಾಣಿಯ ಸಮಾಧಿಯಲ್ಲಿಯೇ ಪಚ್ಚೆಗಲ್ಲಿನ ಅಂಥದೊಂದು ಬಳೆ ದೊರೆತಿದೆ. ಶಕರೂ ಕುಷಾಣರೂ ತುರುಕರಿಗಿಂತ ಸಾವಿರ ವರ್ಷ ಮೊದಲು ಕುದುರೆಯ ಮೇಲಿನ ಬಿಲ್ವಿದ್ಯೆಯನ್ನು ಹೊತ್ತು ಉತ್ತರಾಪಥಕ್ಕೆ ಬಂದವರಲ್ಲವೆ? ತುರುಕರು ತಂದದ್ದು ಹೆಬ್ಬೆರಳನ್ನಲ್ಲ. ಆ ಹಿಡಿತಕ್ಕೆ ಹೊಂದಿದ ಗಿಡ್ಡ ಬಿಲ್ಲು, ಕುದುರೆ, ಬಾಲ್ಯದಿಂದ ನಡೆಯುವ ಶಿಕ್ಷಣ ಇವುಗಳ ಒಟ್ಟುಗೂಡಿದ ವ್ಯವಸ್ಥೆಯನ್ನು. ಆ ಶಿಕ್ಷಣಕ್ಕೆ ಗ್ರಂಥಗಳೂ ಇದ್ದುವು. ಇಲ್ತುತ್ಮಿಷನಿಗೆ ಅರ್ಪಿತವಾದ ಫಖ್ರ್-ಇ-ಮುದಬ್ಬಿರನ ಯುದ್ಧಗ್ರಂಥದಲ್ಲಿ ಬಿಲ್ವಿದ್ಯೆಯ ವಿಚಾರ ಬರುತ್ತದೆ. ಅರಬ್ಬೀ ಬಿಲ್ಲಾಳುಗಳು ಹೆಬ್ಬೆರಳಿನ ಬೀಗಕ್ಕೆ 'ಅರವತ್ತಮೂರು' ಎಂದು ಕರೆಯುತ್ತಿದ್ದರು. ಬೆರಳೆಣಿಕೆಯಲ್ಲಿ ಆ ಸಂಖ್ಯೆಯನ್ನು ತೋರಿಸುವಾಗ ಕಿರಿಯ ಮೂರು ಬೆರಳುಗಳು ಮಡಿದು, ತೋರುಬೆರಳು ಹೆಬ್ಬೆರಳನ್ನು ಅದುಮುತ್ತದೆ. ವ್ಯಾಪಾರದ ಲೆಕ್ಕವೇ ಯುದ್ಧದ ಪಾಠವಾದದ್ದು ಸ್ವಾರಸ್ಯವಾಗಿದೆ.

ಹಾಗೆಂದ ಮಾತ್ರಕ್ಕೆ ದೇವಗಿರಿ ಬಿದ್ದದ್ದು ಬೆರಳಿನ ಹಿಡಿತದಿಂದ ಎನ್ನಲಾಗದು. ರಾಮಚಂದ್ರನ ಸೈನ್ಯದ ಮುಖ್ಯಭಾಗ ಕುಮಾರನೊಡನೆ ಹೊರಗೆ ಹೋಗಿತ್ತು. ಬಿಜಾಪುರದಲ್ಲಿ ಕುಳಿತು ಇತಿಹಾಸ ಬರೆದ ಫಿರಿಸ್ತನ ಪ್ರಕಾರ, ಧಾನ್ಯವೆಂದು ಕೋಟೆಯೊಳಗೆ ಸಾಗಿಸಿದ ಮೂಟೆಗಳಲ್ಲಿದ್ದದ್ದು ಉಪ್ಪು. ಕಡಿದಾಗಿ ಕೆತ್ತಿದ ಬಂಡೆಯ ಮೇಲೆ ನಿಂತವನಿಗೆ ಕೆಳಗಿನ ಸವಾರನ ಶೀಘ್ರತೆಯಿಂದ ಅಷ್ಟೇನೂ ಭಯವಿಲ್ಲ. ಹಸಿವಿಗೆ ಮಾತ್ರ ಯಾವ ಮುಷ್ಟಿಯಿಂದಲೂ ಉತ್ತರವಿಲ್ಲ.

ಗಿಡ್ಡ ಬಿಲ್ಲಿಗೂ ದಖ್ಖಣದಲ್ಲಿ ಒಂದು ಶತ್ರುವಿತ್ತು: ಮಳೆ. ಕೊಂಬು, ಮರ, ನರಗಳನ್ನು ಅಂಟಿನಿಂದ ಕೂಡಿಸಿದ ಬಿಲ್ಲು ಮಳೆಗಾಲದ ತೇವಕ್ಕೆ ಸಡಿಲವಾಗುತ್ತದೆ. ಕೋಟೆಗಳ ಆಯುಧಾಗಾರಗಳಲ್ಲಿ ಉಕ್ಕಿನ ಬಿಲ್ಲುಗಳು ಕಾಣಿಸಿಕೊಂಡದ್ದಕ್ಕೆ ಇದೊಂದು ಕಾರಣ. ಬಿದಿರಿನ ಬಿಲ್ಲಿಗೆ ಆ ಭಯ ಕಡಮೆ. ನಾಸಿಕದಿಂದ ಅಜಂತೆಯ ಬೆಟ್ಟಗಳವರೆಗೆ ಹರಡಿರುವ ಭಿಲ್ಲರು ಇಂದಿಗೂ ಬಲ್ಲದ್ದು ಆ ಬಿದಿರ ಬಿಲ್ಲನ್ನು. (ಆ ಬೆಟ್ಟಗಳ ಮಗ್ಗುಲಲ್ಲಿರುವ ತಾಲ್ಲೂಕಿನ ಹೆಸರು ಕನ್ನಡ್ ಎಂದಿರುವುದು ವ್ಯುತ್ಪತ್ತಿಪ್ರಿಯರಿಗೆ ಪ್ರಲೋಭನೆ, ಸದ್ಯಕ್ಕೆ ಅದನ್ನು ಬಿಟ್ಟುಬಿಡುವುದೇ ಲೇಸು.) ಅವರು ಹೆಬ್ಬೆರಳನ್ನು ಮುಟ್ಟಿಸದೆ ತೋರುಬೆರಳು ನಡುಬೆರಳುಗಳಿಂದ ಹೆದೆಯನ್ನೆಳೆಯುತ್ತಾರೆಂದೂ ಅದು ಏಕಲವ್ಯನಿಗೆ ಸಲ್ಲಿಸುವ ಗೌರವವೆಂದೂ ಜನರ ಹೇಳಿಕೆ. ಉದ್ದನೆಯ ಬಿದಿರ ಬಿಲ್ಲಿಗೆ ಬೆರಳುಗಳ ಹಿಡಿತವೇ ಸಹಜವಾದದ್ದು. ಕೈ ಮೊದಲೇ ಕಂಡುಕೊಂಡದ್ದಕ್ಕೆ ಕಥೆ ತರುವಾಯ ಅರ್ಥವನ್ನು ಕೊಟ್ಟಿರಬಹುದು. ಹಾಗಿದ್ದರೂ ಆ ಅರ್ಥ ಅವರದು. ಬಿಲ್ಲಿನ ಉದ್ದವನ್ನು ಅಳೆದು ಅದನ್ನು ಕಿತ್ತುಕೊಳ್ಳುವ ಅಧಿಕಾರ ಸಂಶೋಧಕನಿಗಿಲ್ಲ.

ಷಾಜಹಾನನ ಸೈನ್ಯ 1633ರಲ್ಲಿ ದೌಲತಾಬಾದನ್ನು ಹಿಡಿಯುವ ವೇಳೆಗೆ ಕೋಟೆಯ ಅಳಿವು ಉಳಿವನ್ನು ನಿರ್ಣಯಿಸುತ್ತಿದ್ದುದು ಫಿರಂಗಿ, ಸುರಂಗ, ಹಸಿವುಗಳು. ಆದರೂ ಹೆಬ್ಬೆರಳಿನ ಬಳೆ ಅರಸರ ಕೈಯನ್ನು ಬಿಡಲಿಲ್ಲ. ಪಾರಸಿಯಲ್ಲಿ ಅದಕ್ಕೆ ಜಿಹ್‌ಗೀರ್ ಎಂದು ಹೆಸರು. ಹೆದೆಯನ್ನು ಹಿಡಿಯುವುದು ಎಂದೇ ಅದರ ಅರ್ಥ. ಷಾಜಹಾನನ ಬಿರುದನ್ನು ಕೆತ್ತಿದ ಅಂಥ ಬಳೆಯೊಂದು ಹೈದರಾಬಾದಿನ ಸಾಲಾರ್‌ಜಂಗ್ ಸಂಗ್ರಹಾಲಯದಲ್ಲಿದೆ. ಇಂಥ ಬಳೆಗಳನ್ನು ನೋಡಹೋದವರು ರತ್ನದ ಕುಸುರಿಯನ್ನಷ್ಟೇ ನೋಡಿ ಹಿಂದಿರುಗದೆ, ಅಂಗೈಯ ಕಡೆಗೆ ಚಾಚಿಕೊಂಡ ನಾಲಗೆಯಂಥ ಭಾಗದ ಒಳ ಅಂಚನ್ನು ಗಮನಿಸಬೇಕು. ಹೆದೆ ಕುಳಿತು ಜಾರುತ್ತಿದ್ದುದು ಅಲ್ಲಿ. ದುಡಿದ ಬಳೆಯಾದರೆ ಸವೆತದ ಗುರುತಿರಬೇಕಾದದ್ದೂ ಅಲ್ಲಿಯೇ.