ತಾಳುವ ಪಡೆಯನ್ನು ಕಟ್ಟುವ ಬಗೆ

1996ರಲ್ಲಿ ಜಪಾನಿನಲ್ಲಿ ಹುಟ್ಟಿದ ಪೋಕೆಮಾನ್ ಎಂಬ ವಿಡಿಯೋ ಆಟವನ್ನು ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ಬಲ್ಲರು. ಆರು ವಿಚಿತ್ರ ಪ್ರಾಣಿಗಳ ಪಡೆ. ಒಂದೊಂದಕ್ಕೆ ನಾಲ್ಕೇ ವಿದ್ಯೆ. ಹೊಡೆಯದೆ ತಾಳಿಕೊಳ್ಳುವವನನ್ನು ಹೇಡಿಯೆಂದು ಜರೆಯುವವರುಂಟು. ತಾಳಿಕೆಯಿಂದಲೂ ಗೆಲ್ಲುವ ಬಗೆಯನ್ನು ನಾವಿಲ್ಲಿ ವಿಚಾರಿಸೋಣ.

1999ರ ಗೋಲ್ಡ್ ಮತ್ತು ಸಿಲ್ವರ್ ಆಟಗಳಲ್ಲಿ ಬಂದ ಸ್ಕಾರ್ಮರಿ, ಬ್ಲಿಸಿ ಎಂಬ ಜೋಡಿಯನ್ನು ನೋಡಿರಿ. ಸ್ಕಾರ್ಮರಿ ಉಕ್ಕಿನ ಹಕ್ಕಿ. ಮೈಗೆ ತಾಗುವ ಪೆಟ್ಟುಗಳನ್ನು ಸಹಿಸಬಲ್ಲುದು, ಬೆಂಕಿಗೂ ವಿದ್ಯುತ್ತಿಗೂ ಸೋಲುವುದು. ಬ್ಲಿಸಿ ಆ ಬೆಂಕಿ ವಿದ್ಯುತ್ತುಗಳನ್ನು ನುಂಗಿಕೊಳ್ಳುವುದು. ಆದರೆ ಮಲ್ಲರ ಗುದ್ದಿಗೆ ಕುಸಿಯುವುದು. ಆದುದರಿಂದ ಎದುರಾಳಿಯ ನಡೆಯನ್ನು ಮುಂಚೆಯೇ ಊಹಿಸಿ, ಗುದ್ದು ಬರುವಾಗ ಹಕ್ಕಿಯನ್ನೂ ಬೆಂಕಿ ಬರುವಾಗ ಬ್ಲಿಸಿಯನ್ನೂ ಮುಂದೆ ನಿಲ್ಲಿಸತಕ್ಕದ್ದು. ಊಹೆ ತಪ್ಪಿದರೆ ಕೋಟೆಗೆ ಬಿರುಕು.

ಸಹನೆಯೊಂದರಿಂದಲೇ ಜಯವಿಲ್ಲ. ಟಾಕ್ಸಿಕ್ ಎಂಬ ವಿಷವಿದ್ಯೆಯು ಎದುರಾಳಿಯ ಪ್ರಾಣಬಲವನ್ನು ಹದಿನಾರು ಪಾಲು ಮಾಡಿ, ಮೊದಲ ಸರದಿಯಲ್ಲಿ ಒಂದು, ಮರುಸರದಿಯಲ್ಲಿ ಎರಡು, ಆಮೇಲೆ ಮೂರು, ಹೀಗೆ ಏರುತ್ತ ಕಳೆಯುವುದು. ಉಕ್ಕಿನ ಜಾತಿಗೆ ಸಾಮಾನ್ಯವಾಗಿ ಈ ವಿಷ ತಾಗದು. ಅದಕ್ಕಾಗಿ ಪಡೆಯಲ್ಲಿ ಬೇರೊಂದು ಉಪಾಯವಿರಬೇಕು.

ಆರೂ ಬಲಿಷ್ಠವಾಗಿದ್ದರೆ ಸಾಲದು. ಒಂದೇ ಬಗೆಯ ಪೆಟ್ಟಿಗೆ ಆರೂ ಅಂಜುವಂತಿದ್ದರೆ ಪಡೆ ಉರುಳುವುದು. ಒಂದರ ಕುಂದನ್ನು ಮತ್ತೊಂದು ಮುಚ್ಚುವಂತೆ ಆರಿಸುವುದೇ ರಕ್ಷಣೆಯ ಗುಟ್ಟು.